ರೈಲಿಗೆ ಸಿಕ್ಕಿ ನಜ್ಜುಗುಜ್ಜಾದ ಬುಗಾಟಿ ಈಗಲೂ ಅದೇ ಕಾರಾ? ಅಪರೂಪದ ಹಳೇ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಚರ್ಚೆ

ಹಳೇಗಾಡಿ ಹಾಸನ:

ಎಲ್ಲರಿಗೂ ನಮಸ್ಕಾರ. ಬುಗಾಟಿ ಟೈಪ್ 57 ಎಸ್‌ಸಿ ಅಟ್ಲಾಂಟಿಕ್ ಬಗ್ಗೆ ಇಲ್ಲಿ ಆಗಾಗ ಮಾತು ಬರುತ್ತದೆ. ಆದರೆ ಬರೀ ಅದರ ಚಂದದ ಬಗ್ಗೆ. ನನಗೆ ಅದು ಉಳಿದುಕೊಂಡ ಬಗೆಯ ಮೇಲೆ ಒಂದು ಪ್ರಶ್ನೆ ಇದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಫ್ರಾನ್ಸಿನ ಮೋಲ್ಸೈಮ್ ಕಾರ್ಖಾನೆಯಲ್ಲಿ 1936ರಿಂದ 1938ರ ಒಳಗೆ ತಯಾರಾದದ್ದು ಬರೀ ನಾಲ್ಕು ಕಾರು. 3257 ಸಿಸಿಯ ಎಂಟು ಸಿಲಿಂಡರ್ ಎಂಜಿನ್. ಬೆನ್ನಿನ ನಟ್ಟನಡುವೆ ರಿವೆಟ್ ಹೊಡೆದ ಏಣು. ಇದಕ್ಕೂ ಮೊದಲು ಪ್ರದರ್ಶನಕ್ಕೆ ಅಂತ ಮಾಡಿದ ಏರೋಲಿತ್ ಕಾರಿಗೆ ಮೆಗ್ನೀಷಿಯಂ ಬೆರೆತ ಲೋಹ ಬಳಸಿದ್ದರು. ಅದನ್ನು ವೆಲ್ಡ್ ಮಾಡೋಕೆ ಆಗುತ್ತಿರಲಿಲ್ಲ, ಹಾಗಾಗಿ ರಿವೆಟ್ ಹೊಡೆದು ಕೂಡಿಸಿದರು. ಅಟ್ಲಾಂಟಿಕ್‌ನ ಬಾಡಿ ಅಲ್ಯೂಮಿನಿಯಂದು. ರಿವೆಟ್ ಬೇಕೇ ಇರಲಿಲ್ಲ. ಆದರೂ ಆ ಅಂದವನ್ನು ಬಿಡಲಿಲ್ಲ.

ನಾಲ್ಕರಲ್ಲಿ ಒಂದು, ಕಂಪನಿ ಸ್ಥಾಪಕರ ಮಗ ಜಾನ್ ಬುಗಾಟಿ ಬಳಿ ಇದ್ದ ಕಪ್ಪು ಕಾರು, ಎರಡನೇ ಮಹಾಯುದ್ಧದ ಹೊತ್ತಿಗೆ ಕಾಣೆಯಾಯಿತು. ಇವತ್ತಿಗೂ ಸುಳಿವಿಲ್ಲ. ಇನ್ನೊಂದು ಫ್ಯಾಷನ್ ಉದ್ಯಮಿ ರಾಲ್ಫ್ ಲಾರೆನ್ ಅವರ ಬಳಿ ಇದೆ. ಮೊದಲನೇ ಕಾರು, ಅಂದರೆ ಚಾಸಿ (ಕಾರಿನ ತಳದ ಚೌಕಟ್ಟು) ನಂಬರ್ 57374, ಅಮೆರಿಕದಲ್ಲಿದೆ. 2010ರಲ್ಲಿ ಅದು ಕೈ ಬದಲಾದಾಗ 3 ಕೋಟಿ ಡಾಲರಿಗೂ ಮೇಲೆ ಹೋಯಿತು ಅಂತ ವರದಿಯಾಗಿತ್ತು.

ನನ್ನ ಪ್ರಶ್ನೆ ಉಳಿದ ಒಂದರದ್ದು, ಚಾಸಿ ನಂಬರ್ 57473. 1955ರಲ್ಲಿ ಫ್ರಾನ್ಸಿನ ಒಂದು ರೈಲ್ವೆ ಗೇಟಿನಲ್ಲಿ ಇದಕ್ಕೆ ರೈಲು ಗುದ್ದಿತು. ಒಳಗಿದ್ದ ಇಬ್ಬರೂ ಬದುಕಲಿಲ್ಲ. ಕಾರು ಮುದ್ದೆಯಾಗಿ ಗುಜರಿ ಸೇರಿತು. 1960ರ ದಶಕದಲ್ಲಿ ಒಬ್ಬ ಸಂಗ್ರಾಹಕ ಆ ಅವಶೇಷವನ್ನು ಕೊಂಡು, ವರ್ಷಗಟ್ಟಲೆ ಕೂತು ಮತ್ತೆ ಕಟ್ಟಿಸಿದ. ಈಗ ನೋಡಿದರೆ ಉಳಿದ ಎರಡರ ಪಕ್ಕ ನಿಲ್ಲಿಸಬಹುದು, ಹಾಗಿದೆ. ಆದರೆ ಎಷ್ಟೋ ಲೋಹ ಹೊಸದು. ಇದನ್ನು 1936ರ ಅಟ್ಲಾಂಟಿಕ್ ಅನ್ನಬೇಕಾ, ಬೇಡವಾ?

ಪಿಸ್ಟನ್ ಪುಟ್ಟ:

ಅಣ್ಣಾ, ಇದರಲ್ಲಿ ಚರ್ಚೆ ಏನಿದೆ? ಚಾಸಿ ನಂಬರ್ ಇದೆ ಅಂದ ಮೇಲೆ ಅದೇ ಕಾರು. ನಮ್ಮ ಆರ್‌ಟಿಓದಲ್ಲಿ ಏನು ಮಾಡುತ್ತಾರೆ? ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜುತ್ತಾರೆ, ಆರ್‌ಸಿ ಜೊತೆ ತಾಳೆ ನೋಡುತ್ತಾರೆ, ಮುಗೀತು. ಬಾಗಿಲು ಬದಲಾಯಿಸಿದ್ದೀರಾ ಅಂತ ಯಾರೂ ಕೇಳುವುದಿಲ್ಲ.

ಟಿಂಕರಿಂಗ್ ಮಾಸ್ಟರ್, ಮೈಸೂರು:

ಪುಟ್ಟ, ನಂಬರ್ ಹೊಡೆಯೋದು ಹತ್ತು ನಿಮಿಷದ ಕೆಲಸ. ಪಂಚ್ ಸೆಟ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಕೋಟಿಗಟ್ಟಲೆ ದುಡ್ಡು ಇರುವ ಕಡೆ ಈ ಕೆಲಸ ಜಾಸ್ತಿ ನಡೆಯುತ್ತದೆ. ಅದಕ್ಕೇ ತಿಳಿದವರು ನಂಬರನ್ನು ಓದಿ ಸುಮ್ಮನಾಗುವುದಿಲ್ಲ. ಅಕ್ಷರದ ಆಕಾರ ನೋಡುತ್ತಾರೆ. ಆ ಕಾಲದ ಕಾರ್ಖಾನೆಯ ಪಂಚ್‌ನಲ್ಲಿ 4 ಹೇಗಿತ್ತು, 7ಕ್ಕೆ ಬಾಲ ಇತ್ತಾ, ಸಾಲು ನೆಟ್ಟಗಿದೆಯಾ ಅಂತ ನೋಡುತ್ತಾರೆ. ನಂಬರಿನ ಸುತ್ತ ಲೋಹವನ್ನು ತಿಕ್ಕಿ ತೆಳ್ಳಗೆ ಮಾಡಿದ ಗುರುತು ಇದೆಯಾ ಅಂತ ಬೆರಳಾಡಿಸುತ್ತಾರೆ. ಹಳೇ ನಂಬರ್ ಅಳಿಸಿದ್ದರೆ ಅಲ್ಲಿ ಸಣ್ಣ ತಗ್ಗು ಕೈಗೆ ಸಿಕ್ಕೇ ಸಿಗುತ್ತದೆ.

ಫೆರಾರಿ ನೋಡಿ. ಚಾಸಿ ನಂಬರ್ ಒಂದು ಕಡೆ, ಎಂಜಿನ್ ನಂಬರ್ ಒಂದು ಕಡೆ. ಅದಲ್ಲದೆ ಕಾರ್ಖಾನೆಯ ಒಳ ಲೆಕ್ಕಕ್ಕೆ ಅಂತ ಎಂಜಿನ್ ಮೇಲೆ ಇನ್ನೊಂದು ನಂಬರ್ ಹೊಡೆಯುತ್ತಿದ್ದರು. ಬಾಡಿ ಕಟ್ಟಿದ ಸ್ಕಾಗ್ಲಿಯೆಟ್ಟಿಯವರು ಬಾನೆಟ್ಟು, ಬಾಗಿಲ ಒಳಪಟ್ಟಿ ಇಂಥ ಕಡೆ ತಮ್ಮದೇ ನಂಬರ್ ಹಾಕುತ್ತಿದ್ದರು. ಯಾಕೆ ಅಂದರೆ ಕೈಯಲ್ಲಿ ಬಡಿದು ಮಾಡಿದ ಬಾಡಿ ಅದು, ಒಂದು ಕಾರಿನ ಬಾನೆಟ್ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಇವೆಲ್ಲ ಒಂದಕ್ಕೊಂದು ತಾಳೆಯಾದರೆ ಆ ಕಾರು ಬಾಯಿಬಿಟ್ಟು ಮಾತಾಡುತ್ತಿದೆ ಅಂತ ಅರ್ಥ.

ಇನ್ನೊಂದು ವಿಷಯ. ಕೈಯಲ್ಲಿ ಮಾಡಿದ ಹಳೇ ಬಾಡಿಯ ಎಡ, ಬಲ ಒಂದೇ ಅಳತೆ ಇರುವುದಿಲ್ಲ. ಟೇಪ್ ಹಿಡಿದು ನೋಡಿದರೆ ವ್ಯತ್ಯಾಸ ಸಿಗುತ್ತದೆ. ಎಡ ಮಡ್‌ಗಾರ್ಡ್ ಮತ್ತು ಬಲ ಮಡ್‌ಗಾರ್ಡ್ ಅಚ್ಚು ಹೊಯ್ದ ಹಾಗೆ ಒಂದೇ ಇದ್ದರೆ ನನಗೆ ಅನುಮಾನ ಶುರು. ಮೇಲ್ಗಡೆ ಪಾಲಿಶ್ ನೋಡಿ ಮರುಳಾಗಬೇಡಿ. ಕೆಳಗೆ ಮಲಗಿ, ಟಾರ್ಚ್ ಹಿಡಿದು, ಮಡ್‌ಗಾರ್ಡಿನ ಒಳಮೈ ನೋಡಿ. ಸುತ್ತಿಗೆಯ ಗುರುತು, ಹಳೇ ಗ್ಯಾಸ್ ವೆಲ್ಡಿಂಗಿನ ಗಂಟು, ಪೇಂಟ್ ಹೊಡೆಯುವಾಗ ಒಳಗೆ ಹಾರಿದ ಹನಿ, ಎಲ್ಲ ಅಲ್ಲೇ ಇರುತ್ತದೆ. ಆ ಒಳಮೈಯನ್ನು ಮರಳು ಹೊಡೆಸಿ ಹೊಳೆಯುವ ಹಾಗೆ ಮಾಡಿಬಿಟ್ಟರೆ ಸಾಕ್ಷಿಯೇ ಹೋಯಿತು.

ಹಾಗಾಗಿ 57473 ವಿಷಯದಲ್ಲಿ ನನ್ನ ಮಾತು ಇಷ್ಟು. ರೈಲು ಗುದ್ದಿದ ಮೇಲೆ ಉಳಿದ ಹಳೇ ಲೋಹ ಎಷ್ಟಿದೆಯೋ ಅಷ್ಟಕ್ಕೆ ಅದು ಅಟ್ಲಾಂಟಿಕ್. ಉಳಿದದ್ದು ಒಳ್ಳೆಯ ಕೈಗೆಲಸ.

ಕರಿಕೋಟು, ಧಾರವಾಡ:

ಮಾಸ್ಟರ್, ನಿಮ್ಮ ಅಳತೆಗೋಲು ಹಿಡಿದರೆ ಇಂಗ್ಲೆಂಡಿನ ಒಂದು ಕೋರ್ಟ್ ತೀರ್ಪು ಬೇರೆಯೇ ಆಗುತ್ತಿತ್ತು. ವಕೀಲನಾಗಿ ನನಗೆ ಬಹಳ ಹಿಡಿಸಿದ ಕೇಸು ಇದು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಬೆಂಟ್ಲಿ ಸ್ಪೀಡ್ ಸಿಕ್ಸ್, ಅಡ್ಡಹೆಸರು ಓಲ್ಡ್ ನಂಬರ್ ಒನ್. 1929ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಯ ರೇಸ್ ಗೆದ್ದಿತು. 1930ರಲ್ಲೂ ಗೆದ್ದಿತು. ಎರಡೂ ಸಲ ಓಡಿಸಿದವರಲ್ಲಿ ಒಬ್ಬರು ಬೆಂಟ್ಲಿ ಕಂಪನಿಯ ಅಧ್ಯಕ್ಷ ವುಲ್ಫ್ ಬರ್ನಾಟೊ. ಅದು ರೇಸ್ ಕಾರು. ಒಂದು ರೇಸ್ ಮುಗಿದರೆ ಬಿಚ್ಚುತ್ತಿದ್ದರು, ಸವೆದದ್ದು ತೆಗೆದು ಹೊಸದು ಹಾಕುತ್ತಿದ್ದರು. ಆಮೇಲೆ ಬ್ರೂಕ್‌ಲ್ಯಾಂಡ್ಸ್ ಅನ್ನುವ ಇಂಗ್ಲೆಂಡಿನ ರೇಸ್ ಟ್ರ್ಯಾಕಿಗೆ ಅಂತ ಚಾಸಿಯೇ ಬದಲಾಯಿತು. 1932ರಲ್ಲಿ 8 ಲೀಟರಿನ ದೊಡ್ಡ ಎಂಜಿನ್ ಬಂತು. ಅದೇ ವರ್ಷ ಬ್ರೂಕ್‌ಲ್ಯಾಂಡ್ಸ್‌ನ ಇಳಿಜಾರು ತಿರುವಿನ ಮೇಲಂಚು ದಾಟಿ ಕಾರು ಹೊರಗೆ ಹಾರಿತು. ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ತೀರಿಕೊಂಡರು. ಮುರಿದ ಕಾರನ್ನು ಬರ್ನಾಟೊ ಮತ್ತೆ ಕಟ್ಟಿಸಿ, ಮೇಲೆ ಕೂಪೆ (ಮುಚ್ಚಿದ ಮಾಡಿನ, ಎರಡು ಬಾಗಿಲಿನ) ಬಾಡಿ ಹಾಕಿಸಿದರು.

ದಶಕಗಳ ನಂತರ ಅದರ ಮಾಲೀಕರು ಮಿಡಲ್‌ಬ್ರಿಡ್ಜ್ ಸಿಮಿಟರ್ ಅನ್ನುವ ಕಂಪನಿಗೆ 1 ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಆಮೇಲೆ ಕಂಪನಿ ಹಿಂದೆ ಸರಿಯಿತು. ಇದು ಆ ಓಲ್ಡ್ ನಂಬರ್ ಒನ್ ಅಲ್ಲವೇ ಅಲ್ಲ ಅಂದಿತು. 1990ರಲ್ಲಿ ನ್ಯಾಯಮೂರ್ತಿ ಓಟನ್ ಮುಂದೆ ವಿಚಾರಣೆ ನಡೆಯಿತು. ಅವರು ಒಂದೊಂದೇ ಬಿಡಿಭಾಗದ ಲೆಕ್ಕ ಹಾಕಿದರು. 1929ರ ಕಾರಿನದ್ದು, ಕಾಲ ಹೇಳಲಾಗದ ಸಣ್ಣಪುಟ್ಟ ಸಾಮಾನು ಬಿಟ್ಟರೆ ಏನೂ ಇಲ್ಲ. 1930ರ ಕಾರಿನದ್ದು ಮೂರೇ ಮೂರು: ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಹೊರಕವಚ, ಸ್ಟೀರಿಂಗ್ ಕಾಲಂ. ಚಾಸಿ, ಸಸ್ಪೆನ್ಷನ್, 8 ಲೀಟರ್ ಎಂಜಿನ್ ಇವೆಲ್ಲ 1932ರವು.

ಇಷ್ಟಾದರೂ ಅವರು ಕೊಟ್ಟ ತೀರ್ಪು ಏನು ಗೊತ್ತಾ? 1929ರಲ್ಲಿದ್ದ ಹಾಗೇ ಉಳಿದ ಕಾರು ಇದಲ್ಲ, ನಿಜ. ಆದರೆ ಇದು ನಕಲಿಯೂ ಅಲ್ಲ, ಸತ್ತ ಕಾರಿನ ತುಂಡು ಆರಿಸಿ ತಂದು ಎಬ್ಬಿಸಿ ನಿಲ್ಲಿಸಿದ್ದೂ ಅಲ್ಲ. ಬದಲಾವಣೆ ಆದ ಪ್ರತಿ ಹಂತದಲ್ಲೂ ಅದು ಓಲ್ಡ್ ನಂಬರ್ ಒನ್ ಆಗಿಯೇ ಇತ್ತು. ಆ ಹೆಸರು ಹೊತ್ತ ಇನ್ನೊಂದು ಕಾರು ಎಲ್ಲೂ ಇಲ್ಲ. ಆದ್ದರಿಂದ ಇದೇ ಅಸಲಿ. ಕಂಪನಿ ಸೋತಿತು.

ಇನ್ನೊಂದು ಸ್ವಾರಸ್ಯ ಹೇಳಿಬಿಡುತ್ತೇನೆ. ಈ ಮಿಡಲ್‌ಬ್ರಿಡ್ಜ್ ಕಂಪನಿ ಇಂಗ್ಲೆಂಡಿನ ಕಾರು ಕಂಪನಿ ರಿಲಯಂಟ್‌ನವರಿಂದ ಸಿಮಿಟರ್ ಕಾರಿನ ಹಕ್ಕು ಕೊಂಡಿದ್ದದ್ದು. ಅದೇ ರಿಲಯಂಟ್‌ನ ಕಿಟನ್ ಕಾರು ನಮ್ಮ ಬೆಂಗಳೂರಿನಲ್ಲಿ ಸಿಪಾನಿ ಡಾಲ್ಫಿನ್ ಆಗಿ ತಯಾರಾಗುತ್ತಿತ್ತು.

ಕರಾವಳಿ ಕಾರು:

ಡಾಲ್ಫಿನ್! ಫೈಬರ್ ಬಾಡಿ, 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಹಿಂದಿನ ಚಕ್ರಕ್ಕೆ ಡ್ರೈವ್. ಹಗುರ ಇದ್ದದ್ದರಿಂದ ರ್ಯಾಲಿಯವರಿಗೆ ಬಹಳ ಇಷ್ಟ. ಈಗ ಓಡುವ ಸ್ಥಿತಿಯಲ್ಲಿರುವುದು ಕಣ್ಣಿಗೆ ಬೀಳುವುದೇ ಅಪರೂಪ. ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ವಿಷಯಾಂತರಕ್ಕೆ ಕ್ಷಮಿಸಿ, ಮುಂದುವರಿಸಿ.

ಪಿಸ್ಟನ್ ಪುಟ್ಟ:

ಕರಿಕೋಟು ಸರ್, ತೀರ್ಪು ಸೂಪರ್. ಆದರೆ ಒಂದು ಅನುಮಾನ. ಬದಲಾಯಿಸಿ ತೆಗೆದ ಹಳೇ ಭಾಗಗಳೆಲ್ಲ ಯಾರೋ ಇಟ್ಟುಕೊಂಡು, ಅವುಗಳಿಂದ ಇನ್ನೊಂದು ಕಾರು ಕಟ್ಟಿದರೆ? ಆಗ ಎರಡು ಕಾರಿಗೂ ಒಂದೇ ನಂಬರ್ ಬರುತ್ತಲ್ವಾ?

ಕರಿಕೋಟು, ಧಾರವಾಡ:

ಬರುತ್ತದೆ, ಬಂದೂ ಇದೆ. 1954ರ ಫೆರಾರಿ 375 ಪ್ಲಸ್ ಒಂದರ ಕಥೆ ಹಾಗೇ. ಅಮೆರಿಕದ ಓಹಾಯೊದಲ್ಲಿ ಒಬ್ಬರ ಜಾಗದಲ್ಲಿ ಬಿದ್ದಿದ್ದ ಕಾರನ್ನು 1980ರ ದಶಕದಲ್ಲಿ ಕದ್ದರು. ಅದು ಬೆಲ್ಜಿಯಂ ತಲುಪಿ ಅಲ್ಲಿ ಹೊಸದಾಗಿ ಕಟ್ಟಿದ ಕಾರಾಯಿತು. ಕೆಲವು ಅಸಲಿ ಭಾಗಗಳು ಮಾತ್ರ ಓಹಾಯೊದಲ್ಲೇ ಉಳಿದಿದ್ದವು. ಎರಡೂ ಕಡೆಯವರು ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಕೊನೆಗೆ ರಾಜಿಯಾಗಿ, ಕಾರು ಮತ್ತು ಆ ಭಾಗಗಳು ಒಟ್ಟಿಗೆ 2014ರಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಹರಾಜಾದವು. ಬೆಲೆ 1 ಕೋಟಿ ಪೌಂಡಿಗೂ ಜಾಸ್ತಿ. ಹರಾಜಾದ ಮೇಲೂ ಜಗಳ ನಿಲ್ಲಲಿಲ್ಲ.

ಬೆಂಟ್ಲಿ ಗೆದ್ದದ್ದು ಯಾಕೆ ಅಂದರೆ ಅದು ಯಾವತ್ತೂ ಚದುರಿ ಹೋಗಿರಲಿಲ್ಲ. ಇವತ್ತು ಇಲ್ಲಿತ್ತು, ನಾಳೆ ಅಲ್ಲಿತ್ತು, ಇಂಥ ದಿನ ಇಂಥದ್ದು ಬದಲಾಯಿತು ಅಂತ ಹೇಳಬಹುದಿತ್ತು. ಹಾಸನದವರ ಬುಗಾಟಿಗೂ ಅದೇ ಪ್ರಶ್ನೆ ಹಾಕಿ. ರೈಲು ಗುದ್ದಿದ್ದು ಗೊತ್ತು, ಅವಶೇಷ ಯಾರ ಕೈಗೆ ಹೋಯಿತು ಗೊತ್ತು, ಯಾವಾಗ ಕಟ್ಟಿದರು ಗೊತ್ತು. ಮುಚ್ಚಿಟ್ಟಿಲ್ಲ. ನನ್ನ ಮಟ್ಟಿಗೆ ಅದು 57473ನೇ ಅಟ್ಲಾಂಟಿಕ್. ಅಪಘಾತವೂ ಅದರ ಬಾಳಿನ ಒಂದು ಭಾಗ.

ಮ್ಯೂನಿಕ್ ಕನ್ನಡತಿ:

ಚರ್ಚೆ ಓದಿ ಖುಷಿಯಾಯಿತು. ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ಏನೂ ಮಾಡದೆ ಬಿಟ್ಟ ಕಾರುಗಳ ಕಡೆಯಿಂದ.

2015ರ ಫೆಬ್ರುವರಿಯಲ್ಲಿ ಪ್ಯಾರಿಸ್‌ನ ರೆಟ್ರೊಮೊಬಿಲ್ ಪ್ರದರ್ಶನದಲ್ಲಿ ಬೈಯಾಂ ಸಂಗ್ರಹದ ಹರಾಜು ನಡೆಯಿತು. ರೋಜರ್ ಬೈಯಾಂ ಅನ್ನುವ ಸಾರಿಗೆ ಉದ್ಯಮಿ 1950ರ ದಶಕದಿಂದ ಹಳೇ ಕಾರು ಕೂಡಿಹಾಕುತ್ತಾ ಬಂದವರು. ಮ್ಯೂಸಿಯಂ ಮಾಡುವ ಆಸೆ. ಮುಂದೆ ವ್ಯಾಪಾರ ಬಿದ್ದುಹೋಯಿತು, ಕೆಲವು ಕಾರು ಮಾರಿದರು. ಉಳಿದವು ಪಶ್ಚಿಮ ಫ್ರಾನ್ಸಿನ ಅವರ ಜಮೀನಿನಲ್ಲಿ, ತಗಡಿನ ಮಾಡಿನ ಕೆಳಗೆ ದಶಕಗಟ್ಟಲೆ ನಿಂತವು. ಎಷ್ಟೋ ಕಾರುಗಳಿಗೆ ಬಳ್ಳಿ ಸುತ್ತಿಕೊಂಡಿತ್ತು, ತಳ ತುಕ್ಕು ತಿಂದಿತ್ತು.

ಅದೇ ಜಮೀನಿನ ಒಂದು ಶೆಡ್ಡಿನಲ್ಲಿ 1961ರ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಇತ್ತು. ಹಿಂದೆ ಫ್ರೆಂಚ್ ನಟ ಅಲೇನ್ ಡೆಲಾನ್ ಓಡಿಸಿದ್ದು. ಅದರ ಮೇಲೆ ಹಳೇ ಪತ್ರಿಕೆಗಳ ರಾಶಿ ಹೇರಿದ್ದರು. ಹರಾಜಿನವರು ಅದಕ್ಕೆ ಪಾಲಿಶ್ ಹೊಡೆಯಲಿಲ್ಲ, ಪೇಂಟ್ ಮುಟ್ಟಲಿಲ್ಲ. ಧೂಳಿನ ಸಮೇತ ತಂದು ನಿಲ್ಲಿಸಿದರು. ಅದು ಹೋದದ್ದು ಶುಲ್ಕ ಸೇರಿ 1 ಕೋಟಿ 63 ಲಕ್ಷ ಯೂರೋಗೆ. ಆ ಹಣ ಕೊಟ್ಟವರಿಗೆ ಒಂದು ಗೊತ್ತಿತ್ತು. ಪೇಂಟ್ ಯಾವಾಗ ಬೇಕಾದರೂ ಹೊಡೆಯಬಹುದು. ಕಾರ್ಖಾನೆಯಿಂದ ಬಂದದ್ದು ಒಂದು ಸಲ ಹೋದರೆ ಹೋಯಿತು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸಿಮಿಯೋನ್ ಮ್ಯೂಸಿಯಂ ಅಂತ ಇದೆ. ಕಟ್ಟಿದವರು ಫ್ರೆಡ್ರಿಕ್ ಸಿಮಿಯೋನ್, ವೃತ್ತಿಯಲ್ಲಿ ನ್ಯೂರೋಸರ್ಜನ್. ರಿಪೇರಿ ಮಾಡಿ, ಆದರೆ ಇತಿಹಾಸ ಅಳಿಸಬೇಡಿ ಅನ್ನುವುದು ಅವರ ಪಟ್ಟಾಗಿತ್ತು. ಒಟ್ಟು ಆರೇ ತಯಾರಾದ ಶೆಲ್ಬಿ ಕೋಬ್ರಾ ಡೇಟೋನಾ ಕೂಪೆಗಳಲ್ಲಿ ಮೊದಲನೆಯದು ಅಲ್ಲಿದೆ, ಹೊಸದು ಮಾಡದೆ ಇಟ್ಟಿದ್ದಾರೆ. 2014ರಲ್ಲಿ ಅಮೆರಿಕದ ಚಾರಿತ್ರಿಕ ವಾಹನಗಳ ದಾಖಲೆ ಶುರುವಾದಾಗ ಮೊದಲ ಹೆಸರು ಅದರದ್ದೇ.

ನಮ್ಮ ಕಡೆ ಹಳೇ ಕಲ್ಲಿನ ಗುಡಿಗೆ ಎನಾಮಲ್ ಪೇಂಟ್ ಬಳಿದು, ನೆಲಕ್ಕೆ ಟೈಲ್ಸ್ ಹಾಕಿ ಜೀರ್ಣೋದ್ಧಾರ ಅನ್ನುತ್ತಾರಲ್ಲ, ಕಾರಿನ ಲೋಕದಲ್ಲೂ ಅದೇ ಆಗಿದೆ. ಎಷ್ಟೋ ಕಾರುಗಳನ್ನು ಹುಟ್ಟಿದ ದಿನಕ್ಕಿಂತ ಜಾಸ್ತಿ ಹೊಳೆಯುವ ಹಾಗೆ ಮಾಡಿ ಕೂರಿಸಿದ್ದಾರೆ. ಅದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಟಿಂಕರಿಂಗ್ ಮಾಸ್ಟರ್, ಮೈಸೂರು:

ಮೇಡಂ, ನಿಮ್ಮ ಮಾತು ಒಪ್ಪಿದೆ. ಆದರೆ ತುಕ್ಕಿಗೆ ಇತಿಹಾಸ ಗೊತ್ತಿಲ್ಲ. ಅದು ತಿನ್ನುತ್ತಲೇ ಇರುತ್ತದೆ. ಸ್ಟೀಲ್ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ಹೊದಿಸಿದ ಕಾರಾದರೆ ಇನ್ನೂ ಕಷ್ಟ. ಎರಡು ಲೋಹ ತಾಗುವ ಕಡೆ ತೇವ ನಿಂತರೆ ಅಲ್ಯೂಮಿನಿಯಂ ಬೂದಿ ಬೂದಿಯಾಗಿ ಉದುರುತ್ತದೆ. ನಮ್ಮ ಮಳೆಗಾಲದಲ್ಲಂತೂ ಕೇಳಲೇಬೇಡಿ. ಮುಟ್ಟದೆ ಬಿಡುವುದು ಅಂದರೆ ನೋಡದೆ ಬಿಡುವುದು ಅಂತ ಆಗಬಾರದು. ತುಕ್ಕು ಎಲ್ಲಿದೆಯೋ ಅಷ್ಟು ಮಾತ್ರ ಕತ್ತರಿಸಿ, ಅಷ್ಟಕ್ಕೆ ಮಾತ್ರ ಪ್ಯಾಚ್ ಹಾಕಿ. ಇಡೀ ಪ್ಯಾನೆಲ್ ಎಸೆದು ಹೊಸದು ಮಾಡುವುದು ಮಾಡುವವನಿಗೆ ಸುಲಭ, ಕಾರಿಗೆ ನಷ್ಟ. ಕತ್ತರಿಸಿದ ತುಂಡನ್ನೂ ಎಸೆಯಬೇಡಿ, ಚೀಟಿ ಕಟ್ಟಿ ಇಡಿ.

ಪೆಟ್ರೋಲ್ ವಿಷಯವೂ ಹೇಳಬೇಕು. ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಪೈಪು, ಕಾರ್ಬೊರೇಟರಿನ ಕಾರ್ಕ್, ವಾಷರು ಅದಕ್ಕೆ ತಡೆಯುವುದಿಲ್ಲ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ ನಿಲ್ಲಿಸಿ. ಪೈಪುಗಳನ್ನು ಎಥೆನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ. ಕಾರು ಬೆಂಕಿಗೆ ಆಹುತಿಯಾದ ಮೇಲೆ ಒರಿಜಿನಲ್ ಪೈಪ್ ಇತ್ತು ಅಂತ ಹೇಳಿ ಏನು ಬಂತು?

ಹಳೇಗಾಡಿ ಹಾಸನ:

ಒಳ್ಳೆಯ ಮಾಹಿತಿ ಬರುತ್ತಿದೆ, ಧನ್ಯವಾದ. ಇನ್ನೊಂದು ಕೇಳುತ್ತೇನೆ. ಕಂಪನಿಯವರೇ ಈಗ ಹಳೇ ಕಾರನ್ನು ಮತ್ತೆ ತಯಾರಿಸುತ್ತಿದ್ದಾರೆ. ಜಾಗ್ವಾರ್ ಎಕ್ಸ್‌ಕೆಎಸ್ಎಸ್ ಮಾಡಲಿಲ್ವಾ? 1957ರ ಫೆಬ್ರುವರಿಯಲ್ಲಿ ಬ್ರೌನ್ಸ್ ಲೇನ್ ಕಾರ್ಖಾನೆಗೆ ಬೆಂಕಿ ಬಿತ್ತು. ಮಾಡಬೇಕೆಂದಿದ್ದ 25 ಎಕ್ಸ್‌ಕೆಎಸ್ಎಸ್‌ಗಳಲ್ಲಿ 9 ಕಾರು ಸುಟ್ಟುಹೋದವು. ಆ ಒಂಬತ್ತನ್ನು ಈಗ ಮಾಡಿಕೊಡುತ್ತೇವೆ ಅಂತ 2016ರಲ್ಲಿ ಹೇಳಿ ಮಾಡಿದರು. ಅವನ್ನು ಏನೆನ್ನಬೇಕು?

ಮ್ಯೂನಿಕ್ ಕನ್ನಡತಿ:

ಹೊಸ ಕಾರು ಅನ್ನಬೇಕು. ಚೆನ್ನಾಗಿ ಮಾಡಿದ ಹೊಸ ಕಾರು. ಸುಟ್ಟ ಒಂಬತ್ತು ಸುಟ್ಟೇ ಹೋದವು. ಆದರೆ ಜಾಗ್ವಾರ್‌ನವರು ಯಾರಿಗೂ ಮೋಸ ಮಾಡಿಲ್ಲ, ಹೊಸದಾಗಿ ಮಾಡಿದ್ದು ಅಂತಲೇ ಮಾರಿದ್ದಾರೆ. ಹಾಗಾಗಿ ನನಗೆ ಅದರ ಮೇಲೆ ಸಿಟ್ಟಿಲ್ಲ.

ನನ್ನ ಸಿಟ್ಟು ಬೇರೆ ಕಡೆ. ಫೆರಾರಿ 250 ಜಿಟಿಇ ಅಂತ ಒಂದು ಕಾರು ಇತ್ತು. ನಾಲ್ಕು ಸೀಟು, ಸಂಸಾರವಂದಿಗರ ಫೆರಾರಿ. 1960ರಿಂದ 1963ರವರೆಗೆ ಸುಮಾರು 950 ಮಾಡಿದರು. ಅದರ ಮೂರು ಲೀಟರಿನ ವಿ12 ಎಂಜಿನ್, 250 ಜಿಟಿಓ ಅನ್ನುವ ಫೆರಾರಿ ರೇಸ್ ಕಾರಿನ ಎಂಜಿನ್ನಿನ ದಾಯಾದಿ. ಹಾಗಾಗಿ ಏನಾಯಿತು? ಜಿಟಿಇ ಅಗ್ಗಕ್ಕೆ ಸಿಗುತ್ತಿದ್ದ ಕಾಲದಲ್ಲಿ ಎಷ್ಟೋ ಕಾರುಗಳ ಬಾಡಿ ಕಿತ್ತು, ಚಾಸಿ ಕುಯ್ದು ಗಿಡ್ಡ ಮಾಡಿ, ಮೇಲೆ ಜಿಟಿಓ ರೂಪ ಹೊದಿಸಿದರು. ಒಂದು ನಕಲಿ ಹುಟ್ಟಬೇಕಾದರೆ ಒಂದು ಅಸಲಿ ಸಾಯಬೇಕಾಯಿತು. ಜಿಟಿಓ ಮಾಡಿದ್ದೇ 36. ನಕಲಿ ಎಷ್ಟು ಬೇಕಾದರೂ ಸಿಗುತ್ತವೆ. ಕಳೆದುಹೋದ ಆ ಜಿಟಿಇಗಳು ಯಾರಿಗೂ ನೆನಪಿಲ್ಲ. 2019ರಲ್ಲಿ ಇಟಲಿಯ ಬೊಲೋನ್ಯಾ ಕೋರ್ಟು 250 ಜಿಟಿಓ ವಿನ್ಯಾಸ ಒಂದು ಕಲಾಕೃತಿ, ನಕಲು ಮಾಡುವಂತಿಲ್ಲ ಅಂತ ಹೇಳಿತು. ಜಿಟಿಇಗಳ ಪಾಲಿಗೆ ಅದು ಬಹಳ ತಡವಾಯಿತು.

ಪಿಸ್ಟನ್ ಪುಟ್ಟ:

ಅಕ್ಕ, ಹಾಗಾದರೆ ಜಿಟಿಓ ಮಾತ್ರ 36ಕ್ಕೆ 36 ಉಳಿದದ್ದು ಹೇಗೆ? ಅವು ರೇಸ್ ಕಾರು. ಗುದ್ದಿಸಿಕೊಂಡು ಹಾಳಾಗಬೇಕಿತ್ತು ಅಲ್ವಾ?

ಮ್ಯೂನಿಕ್ ಕನ್ನಡತಿ:

ಗುದ್ದಿಸಿಕೊಂಡಿವೆ ಪುಟ್ಟ. ಮತ್ತೆ ಕಟ್ಟಿಸಿಕೊಂಡೂ ಇವೆ. 1960ರ ದಶಕದ ಕೊನೆಗೆ ಅವು ಬರೀ ಹಳೇ ರೇಸ್ ಕಾರು, ಹೇಳುವಂಥ ಬೆಲೆ ಇರಲಿಲ್ಲ. 3589 ನಂಬರಿನ ಜಿಟಿಓ ಕಥೆ ಕೇಳು. 1964ರಲ್ಲಿ ಅದನ್ನು ಟೆಕ್ಸಸ್‌ನ ವಿಕ್ಟೋರಿಯಾ ಊರಿನ ಹೈಸ್ಕೂಲಿಗೆ ದಾನ ಕೊಟ್ಟರು. ಮಕ್ಕಳು ಮೆಕ್ಯಾನಿಕ್ ಕೆಲಸ ಕಲಿಯಲಿ ಅಂತ! 1972ರಲ್ಲಿ ಶಾಲೆಯವರು ಮಾರಿದರು. ಕೊಂಡವರು ಓಹಾಯೊದ ಒಂದು ಬಯಲಿನಲ್ಲಿ ಟ್ರೇಲರ್ ಮೇಲೆ ಹಾಗೇ ಬಿಟ್ಟರು. ಮಳೆ, ಹಿಮ, ಬಿಸಿಲು ಎಲ್ಲ ಅದರ ಮೇಲೇ. 1988ರ ಹೊತ್ತಿಗೆ ಅದು ಅಲ್ಲಿಂದ ಎದ್ದಿತು. 2018ರಲ್ಲಿ ಇನ್ನೊಂದು ಜಿಟಿಓ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಗಿದೆ. ಅವು ಉಳಿದದ್ದಕ್ಕೆ ಕಾರಣ, 36ನ್ನೂ ನಂಬರ್ ಹಿಡಿದು ಬೆನ್ನತ್ತಿದ ಹುಚ್ಚು ಜನ. ಬೆಲೆ ಏರುವುದಕ್ಕೆ ಮೊದಲೇ ಆ ಲೆಕ್ಕ ಬರೆದಿಟ್ಟಿದ್ದರು.

ಕರಾವಳಿ ಕಾರು:

ಪಕ್ಕಾ ಮಾತು ಮೇಡಂ. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲಿ ಹಳೇ ಕಾರು ನೋಡಿದಾಗಲೆಲ್ಲ ನನಗೆ ಅನಿಸುವುದು ಅದೇ. ಅವು ಸ್ಪೋರ್ಟ್ಸ್ ಕಾರುಗಳಲ್ಲ. ಆದರೂ ಯಾರೋ ಒಬ್ಬರು ಗುಜರಿಗೆ ಹೋಗಲು ಬಿಡಲಿಲ್ಲ ಅನ್ನುವುದೇ ದೊಡ್ಡದು.

ಈಗ ನನ್ನದೊಂದು ಪ್ರಶ್ನೆ. ನಮ್ಮ ಮಾವನ ಮನೆಯಲ್ಲಿ 1960ರ ದಶಕದ ಎರಡು ಸೀಟಿನ ಇಂಗ್ಲಿಷ್ ಕಾರು ಇದೆ. ಹಳೇ ಆರ್‌ಸಿ ಇದೆ. ಎಂಜಿನ್ ಮಾತ್ರ ಯಾವುದೋ ಕಾಲದಲ್ಲಿ ಅಂಬಾಸಿಡರ್‌ದು ಹಾಕಿಸಿದ್ದಾರೆ. ಅಸಲಿ ಎಂಜಿನ್ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ಕೂತಿದೆ. ವಿಂಟೇಜ್ ನೋಂದಣಿ ಸಿಗುತ್ತದಾ?

ಕರಿಕೋಟು, ಧಾರವಾಡ:

ಮೊದಲು ನಿಯಮ ಹೇಳುತ್ತೇನೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನ ವಿಂಟೇಜ್. ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ ವಿಎ ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಚಾಲ್ತಿ. ಮತ್ತೆ ಮಾಡಿಸಲು 5,000. ಬಾಡಿಗೆಗೆ ಓಡಿಸುವಂತಿಲ್ಲ. ಪ್ರದರ್ಶನ, ಸಂಶೋಧನೆ, ವಿಂಟೇಜ್ ರ್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು.

ನಿಮಗೆ ಮುಖ್ಯವಾದದ್ದು ಇದು: ಚಾಸಿ, ಬಾಡಿ ಶೆಲ್, ಎಂಜಿನ್ ಇವುಗಳಲ್ಲಿ ಬದಲಾವಣೆ ಮಾಡಿದ ದೊಡ್ಡ ಮಟ್ಟದ ಓವರ್‌ಹಾಲ್ ಆಗಿರಬಾರದು ಅನ್ನುತ್ತದೆ ನಿಯಮ. ಅಕ್ಷರಶಃ ಹಿಡಿದರೆ ಲ ಮಾನ್ ಎರಡು ಸಲ ಗೆದ್ದ ಆ ಬೆಂಟ್ಲಿಗೂ ನಮ್ಮಲ್ಲಿ ವಿಎ ನಂಬರ್ ಸಿಗುವುದು ಕಷ್ಟ. ನಿಯಮ ಮಾಡಿದವರು ಈ ಕಡೆಯನ್ನೂ ಯೋಚಿಸಬೇಕಿತ್ತು ಅಂತ ನನ್ನ ಅಭಿಪ್ರಾಯ. ರೇಸ್ ಕಾರಿನಲ್ಲಿ ಎಂಜಿನ್ ಬದಲಾವಣೆ ಅಂದರೆ ಅದರ ದಿನಚರಿ.

ನಿಮ್ಮ ಕೇಸ್ ಬೇರೆ. ಅಸಲಿ ಎಂಜಿನ್ ಕೈಯಲ್ಲೇ ಇದೆ. ಅದರ ನಂಬರ್ ಆರ್‌ಸಿಯಲ್ಲಿರುವ ನಂಬರಿಗೆ ತಾಳೆಯಾಗುತ್ತದಾ ನೋಡಿ. ಆದರೆ ಅರ್ಜಿ ಹಾಕುವ ಮೊದಲೇ ಅದನ್ನು ವಾಪಸ್ ಕೂರಿಸಿ. ಅಂಬಾಸಿಡರ್ ಎಂಜಿನ್ನನ್ನೂ, ಅದು ಹಾಕಿಸಿದ ಬಿಲ್ಲು ಸಿಕ್ಕರೆ ಬಿಲ್ಲನ್ನೂ ಇಟ್ಟುಕೊಳ್ಳಿ. ಅರ್ಜಿ ಫಾರಂ 20ರಲ್ಲಿ. ಜೊತೆಗೆ ಇನ್ಶೂರೆನ್ಸ್, ಶುಲ್ಕ, ಹಳೇ ಆರ್‌ಸಿ.

ಟಿಂಕರಿಂಗ್ ಮಾಸ್ಟರ್, ಮೈಸೂರು:

ಕರಾವಳಿಯವರೇ, ಎಂಜಿನ್ ನಂಬರ್ ಇರುವ ಜಾಗವನ್ನು ವೈರ್ ಬ್ರಷ್ ಹಾಕಿ ತಿಕ್ಕಬೇಡಿ. ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪಕ್ಕದಿಂದ ಟಾರ್ಚ್ ಬಿಟ್ಟು ಫೋಟೋ ತೆಗೆಯಿರಿ. ಎಂಜಿನ್ ಕೂತಲ್ಲೇ ಹಿಡಿದುಕೊಂಡಿರುತ್ತದೆ, ಸ್ಪ್ಯಾನರ್ ಹಾಕಿ ಬಲವಂತವಾಗಿ ತಿರುಗಿಸಬೇಡಿ. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ತೆಳು ಆಯಿಲ್ ಬಿಟ್ಟು ಒಂದೆರಡು ವಾರ ಹಾಗೇ ಇಡಿ. ಆಮೇಲೆ ಫೋಟೋ ಇಲ್ಲಿ ಹಾಕಿ, ನಂಬರಿನ ಅಕ್ಷರ ಹೇಗಿದೆ ನೋಡೋಣ.